ಮೂರನೇ ತೂತು

ಎರಡು ವರ್ಷದ ಹಿಂದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನ್ಯಾಗ ಕೆಲಸಕ್ಕ ಸೇರಿದ್ದೆ. ಆರು ತಿಂಗಳು ನೋಡಿ ಕಾಯಂ ಮಾಡ್ತೇವಿ ಅಂದಿದ್ರು. ಸೇಫ್ಟಿ ಬೂಟು ಇಲ್ಲಂದ್ರ ಒಳಗ ಬಿಡಂಗಿಲ್ಲ. ಸ್ಟೋರಿನ್ಯಾಗ ನನ್ನ ಅಳತಿದು ಒಂದ ಜೋಡಿ ಇತ್ತು, ಅದೂ ಯಾರೋ ಹಾಕಿ ಬಿಟ್ಟಿದ್ದು. "ಛಲೋ ಅದಾವು, ಹಾಕ್ಕೋರಿ. ಹೊಸಾವು ಬರೂದು ತಡಾ ಐತಿ" ಅಂದ ಸ್ಟೋರಿನಾಂವ.

ಎಡಗಾಲಿನ ಬೂಟಿನ ಲೇಸು ಮಾತ್ರ ವಿಚಿತ್ರ ಇತ್ತು. ಮ್ಯಾಲಿಂದ ಮೂರನೇ ತೂತು ಬಿಟ್ಟು, ಲೇಸು ಅಡ್ಡ ಹಾಯಿಸದೇ, ಬದೀಲೆ ನೆಟ್ಟಗ ಎಳದಿದ್ರು. ಅರ್ಧಮರ್ಧ ಕೆಲಸ ಕಂಡ್ರ ನನಗ ಸಿಟ್ಟು ಬರ್ತೈತಿ. ಪೂರ್ತಿ ಬಿಚ್ಚಿ, ಎಲ್ಲಾ ತೂತಿನ್ಯಾಗೂ ಹಾಯಿಸಿ ಕಟ್ಟಿದೆ.

ಮರುದಿನ ಮುಂಜಾನೆ, ಸಂಜಿಕೆ ಬೂಟು ಬಿಚ್ಚಿಟ್ಟು ಹೋಗೂ ಖೋಲಿಗೆ ಹೋಗಿ ನೋಡಿದ್ರ ಮೂರನೇ ತೂತು ಖಾಲಿ! ಯಾರೋ ಚಾಷ್ಟಿ ಮಾಡ್ಯಾರ ಅಂತ ಬೈಕೋಂತ ಮತ್ತ ಕಟ್ಟಿದೆ. ಅದರ ಮರುದಿನಾನೂ ಅದ ಹಾಡು. ಕಡೀಕ ಜೊತಿ ಕೆಲಸದ ಬಸುನ್ನ ಕೇಳಿದೆ. ಅವನ ಮಾರಿ ಸಣ್ಣದಾತು.

"ಅವು ಈರಪ್ಪನ ಬೂಟಲೇ, ಇಲ್ಲೇ ಕೆಲಸಕ್ಕಿದ್ದಾಂವ. ಹೋದ ವರ್ಷ ಬೈಪಾಸಿನ್ಯಾಗ ಲಾರಿ ಬಡದು ಸತ್ತ. ಸತ್ತವ್ರ ಚಪ್ಪಲಿ ಮನ್ಯಾಗ ಸೈತ ಇಟ್ಕೊಳ್ಳಂಗಿಲ್ಲ, ನೀ ಕಾಲಾಗ ಹಾಕ್ಕೊಂಡಿಯಲ್ಲೋ!"

ನಾ ಏನ್ ಅಂಜುಬುರುಕ ಅಲ್ಲ. ಆದ್ರೂ ಅವತ್ತು ಇಡೀ ದಿನ ಎಡಗಾಲು ನಂದಲ್ಲ ಅನಸ್ತಿತ್ತು. ಆದ್ರ ಮಾಡೂದೇನು? ದೆವ್ವ ಲೇಸು ಕಟ್ಟತೈತ್ರಿ ಅಂತ ಸಾಹೇಬ್ರಿಗೆ ಹೇಳಿದ್ರ ನನ್ನ ಕಾಯಂ ಮಾಡ್ತಾರೇನು? ಹಲ್ಲು ಕಚ್ಚಿ ದಿನಾ ಬಿಚ್ಚೂದು, ದಿನಾ ಕಟ್ಟೂದು.

ಒಂದಿನ ಅರ್ಧಾ ತಾಸು ಮೊದಲ ಹೋದೆ. ಖೋಲಿ ಬಾಗಲಾ ಅರೆ ತೆರೆದಿತ್ತು. ಒಳಗ ಯಾರೋ ಮೆಲ್ಲಕ ಮಾತಾಡ್ತಿದ್ರು.

"ಇಲ್ಲಿ ಎಲುಬು ಒತ್ತತೈತಿ ಅಂತೀರಲ್ಲ, ಆ ತೂತು ಬಿಟ್ಟು ಕಟ್ಟೇನಿ ನೋಡ್ರಿ. ಇನ್ನ ನೋಯಂಗಿಲ್ಲ. ಸಂಜಿಕೆ ಲಗೂ ಬರ್ರಿ."

ಕಸಾ ಹೊಡಿಯೋ ಗಂಗವ್ವ. ನೆಲದ ಮ್ಯಾಲೆ ಕುಂತು ನನ್ನ ಬೂಟು ತೊಡೀ ಮ್ಯಾಲೆ ಇಟ್ಕೊಂಡಿದ್ಲು. ಈರಪ್ಪ ಆಕಿ ಗಂಡ ಅಂತ ಆವಾಗ ಹೊಳೀತು. ನನ್ನ ಸಪ್ಪಳಕ್ಕ ತಿರಗಿದ್ಲು. ಗಾಬರಿ ಆಗಲಿಲ್ಲ, ನನ್ನ ಮಾರಿ ಸೈತ ನೋಡಲಿಲ್ಲ. ಕಾಲು ನೋಡಿ ಅದ ದನ್ಯಾಗ ಕೇಳಿದ್ಲು: "ಇನ್ನೂ ನೋಯ್ತೈತೇನ್ರಿ?"

"ಇಲ್ಲ ಬೇ" ಅಂದೆ. ಅವತ್ತಿನಿಂದ ಆ ಲೇಸು ಬಿಚ್ಚಲಿಲ್ಲ. ಯಾರಿಗೂ ಹೇಳಲೂ ಇಲ್ಲ, ಹೇಳಿದ್ರ ಪಾಪ, ಆಕೀನ್ನ ಕೆಲಸದಿಂದ ತಗೀತಿದ್ರು.

ಮುಂದ ಗಂಗವ್ವ ಕೆಲಸ ಬಿಟ್ಟು ಮಗಳ ಊರಿಗೆ ಹೋದ್ಲು. ನಾ ಕಾಯಂ ಆದೆ, ಹೊಸಾ ಬೂಟು ಬಂದ್ವು. ಖುಷೀಲೆ ಎಲ್ಲಾ ತೂತಿನ್ಯಾಗೂ ಲೇಸು ಹಾಯಿಸಿ ಬಿಗಿಯಾಗಿ ಕಟ್ಟಿದೆ. ಮಧ್ಯಾಹ್ನ ಅನ್ನೂದ್ರಾಗ ಎಡಗಾಲು ಊರಾಕ ಬರಲಿಲ್ಲ. ಸತ್ತೂರಿನ ದವಾಖಾನಿಗೆ ಹೋಗಿ ತೋರಿಸಿದೆ. ಡಾಕ್ಟರು ಪಾದದ ಮ್ಯಾಲೆ ಬೆರಳಿಟ್ಟು ಒತ್ತಿದ್ರು.

"ಇಲ್ಲಿ ಎಲುಬು ಉಬ್ಬೈತಿ. ಹುಟ್ಟಿದಾಗಿಂದ ಐತೇನು?"

ನನಗ ಆ ಎಲುಬು ಎಂದೂ ಇರಲಿಲ್ಲ.

ಈಗ ಹೊಸಾ ಬೂಟಿನ್ಯಾಗೂ ಮೂರನೇ ತೂತು ಬಿಟ್ಟ ಕಟ್ಟತೇನಿ. ಅಂಜಿಕಿ ಹೋಗಿಲ್ಲ, ಸುಳ್ಳು ಯಾಕ ಹೇಳ್ಲಿ. ಆದ್ರ ದಿನಾ ಗಂಟು ಹಾಕೂವಾಗ, ಖೋಲ್ಯಾಗ ಯಾರೂ ಇಲ್ಲದಾಗ, ಮೆಲ್ಲಕ ಒಂದು ಮಾತು ಹೇಳೇ ಹೊರಗ ಬೀಳ್ತೇನಿ: "ಸಂಜಿಕೆ ಲಗೂ ಬರ್ತೇನಿ."