ಬೂಟಕ್ಕನ ಎರಡು ಬೆರಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಳದಂಚಿನ ಕೆಸರಿನಲ್ಲಿ ಮಂಡಿಯೂರಿದ ಹೆಂಗಸು ಗಿಡವೊಂದರ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸುತ್ತಿದ್ದಾರೆ, ಕಣ್ಣು ಮುಚ್ಚಿಕೊಂಡು. ಮಾತಾಡಿಸಬೇಡಿ ಎಂದು ಮೊದಲೇ ಹೇಳಿದ್ದರು. ಅವರ ಕೆಲಸ ನೋಡಲು ಬಂದ ನಾನು ಪಕ್ಕದಲ್ಲೇ ನಿಂತಿದ್ದೇನೆ.

"ದುಂಡಗಿದೆ," ಎನ್ನುತ್ತಾರೆ ಕೊನೆಗೆ. "ಇದು ನಮ್ದೇ ಗಿಡ. ಇರ್ಲಿ ಪಾಪ."

ಅವರು ಹುಡುಕುತ್ತಿರುವುದು ಇದರಂತೆಯೇ ಕಾಣುವ ಇನ್ನೊಂದನ್ನು. ಎಲ್ಲಿಂದಲೋ ಬಂದು ಜೌಗು ನೆಲವನ್ನೆಲ್ಲ ನುಂಗುವ ನೇರಳೆ ತೆನೆಯ ಹೂಗಿಡ. ಹೂ ಬಿಟ್ಟರೆ ಯಾರು ಬೇಕಾದರೂ ಗುರುತಿಸಿಯಾರು. ಆದರೆ ಅಷ್ಟು ದಿನ ಕಾದು, ಬೀಜ ಉದುರಿತೋ, ಕೆಲಸ ಕೆಟ್ಟಿತು. ಒಂದೇ ಗಿಡಕ್ಕೆ ಲಕ್ಷಗಟ್ಟಲೆ ಬೀಜ, ಧೂಳಿನಷ್ಟು ಸಣ್ಣವು. ಹೂವಿಲ್ಲದಾಗ ಇವರು ನಂಬುವುದು ಎರಡನ್ನೇ: ಎದುರುಬದುರು ಎಲೆ, ನಾಲ್ಕು ಏಣಿನ ಚೌಕ ಕಾಂಡ.

ಪಕ್ಕದ ದೊಡ್ಡ ಕೆರೆಯಲ್ಲಿ ಇವರೂ ಜೊತೆಗಾರರೂ ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಇಂಥ ನಾನೂರು ಗಿಡ ಕೀಳುತ್ತಿದ್ದಾರೆ. ಆದರೂ ಅದರ ದಾಳಿಗೆ ಅಲ್ಲಿ ಜೊಂಡೆಲ್ಲ ಹೋಗಿ ನೀರುಕೋಳಿಗಳು ಗೂಡು ಕಟ್ಟುವುದನ್ನೇ ಬಿಟ್ಟಿವೆ. ಅವಕ್ಕೆ ಉಳಿದದ್ದು ಈ ಸಣ್ಣ ಕೊಳ. ಹೋದ ವರ್ಷ ಇಲ್ಲೂ ಮೂರು ಗಿಡ ಎದ್ದವು, ಮೂರೂ ಇವರು ನಡೆದಾಡುವ ಜಾಡಿನಲ್ಲೇ.

"ನನ್ ಬೂಟಿನ ಕೆಸರಲ್ಲೇ ಬಂದಿದ್ದು. ಯಾರನ್ನ ಬೈಲಿ? ಊರಿಗೆಲ್ಲ ಬುದ್ಧಿ ಹೇಳೋಳು ನಾನೇ."

ಅಂದಿನಿಂದ ಕೊಳಕ್ಕೆ ಇಳಿಯುವ ಮುನ್ನ ಮೂರು ಸಲ, ಹತ್ತಿದ ಮೇಲೆ ಮೂರು ಸಲ ಬೂಟಿಗೆ ಬ್ರಷ್. ಜೊತೆಗಾರರು ಬೂಟಕ್ಕ ಎಂದೇ ಹೆಸರಿಟ್ಟಿದ್ದಾರೆ. ದಡದಲ್ಲಿ ಚೀಲ ಹಿಡಿದು ಕೂತ ನಾದಿನಿಯದು ನಗುನಗುತ್ತಲೇ ಬೇರೆ ದೂರು: "ನಮ್ಮಣ್ಣ ಚಪ್ಪಲಿ ತಳ ತೋರಿಸಿದ್ರೇನೇ ಮನೆಯೊಳಗೆ. ನಿದ್ದೇಲೂ ಇವ್ರ ಬೆರಳು ಹೊರಳ್ತಿರುತ್ತಂತೆ. ಸಾಕು ಬನ್ನಿ ಅತ್ತಿಗೆ, ಇಲ್ಲಿ ಇನ್ನೇನೂ ಇಲ್ಲ."

"ಆ ಬಾಗಿದ ಮರದ ಹತ್ರ ನೋಡಿಲ್ಲ ಕಣೇ."

ಅಲ್ಲಿ ಜೊಂಡಿನ ನಡುವೆ ಮತ್ತೆ ಮಂಡಿಯೂರುತ್ತಾರೆ. ಬೆರಳು ಹೊರಳುತ್ತದೆ, ನಿಲ್ಲುತ್ತದೆ, ಮತ್ತೆ ಹೊರಳುತ್ತದೆ. ಸಲಿಕೆಗೆ ಕೈ ಚಾಚುತ್ತಾರೆ. ನಾದಿನಿಯ ನಗು ಅಲ್ಲಿಗೇ ನಿಲ್ಲುತ್ತದೆ.

ಬೇರಿನ ಒಂದೆಳೆಯೂ ಉಳಿಯದಂತೆ ಅಗೆದು, ಚೀಲದ ಬಾಯಿ ಬಿಗಿದು ಕಟ್ಟುವಷ್ಟರಲ್ಲಿ ಬಿಸಿಲೇರಿದೆ. "ಬೀಜ ಕೆಸರಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತೆ. ಇನ್ನೆಷ್ಟಿದ್ಯೋ," ಎನ್ನುತ್ತಾ ನೀರಿನತ್ತಲೇ ನೋಡುತ್ತಾರೆ.

ಕೊನೆಗೆ ಏನಾದರೆ ನಿಮಗೆ ಸಮಾಧಾನ, ಎಂದು ಕೇಳುತ್ತೇನೆ.

"ಹೋದ್ಸಲ ಮೂರು, ಈ ಸಲ ಒಂದು. ಮುಂದಿನ ವರ್ಷ ಇಡೀ ಕೊಳ ಸುತ್ತಿ, ಕೈಬೀಸ್ಕೊಂಡು ಮನೆಗೆ ಹೋಗ್ಬೇಕು. ಅಷ್ಟೇ."

ದಡದ ಕಲ್ಲಿನ ಮೇಲೆ ಕೂತು ಬೂಟು ಉಜ್ಜಿ ಮುಗಿಸುತ್ತಾರೆ. ಆಮೇಲೆ ನನ್ನ ಕಾಲಿನತ್ತ ನೋಡಿ, ಕೈ ಚಾಚುತ್ತಾರೆ.

"ನಿಮ್ದೂ ಕೊಡಿ ಇಲ್ಲಿ."