ಬೆರಳಗಲ ತೊಟ್ಟು

ಮುನಿಯಪ್ಪಣ್ಣ ಮಾವಿನಕಾಯಿ ಕೀಳುವ ಮುಂಚೆ ಅದರ ಭುಜ ನೋಡುತ್ತಿದ್ದ. ತೊಟ್ಟಿನ ಎರಡೂ ಪಕ್ಕ ತುಂಬಿಕೊಂಡು ಮೇಲೆದ್ದಿದ್ದರೆ ಬಲಿತ ಕಾಯಿ. ಇಲ್ಲದಿದ್ದರೆ ನಮ್ಮಪ್ಪ ಹೇಳಿದರೂ ಮುಟ್ಟುತ್ತಿರಲಿಲ್ಲ. "ಇನ್ನೂ ಭುಜ ಬಂದಿಲ್ಲ, ಬುಡಿ" ಎಂದು ದೋಟಿ ಹೆಗಲಿಗೇರಿಸಿ ಮುಂದಿನ ಮರಕ್ಕೆ ನಡೆದುಬಿಡುತ್ತಿದ್ದ. ಬೇರಿಕೆಯ ಹತ್ತಿರದ ನಮ್ಮ ತೋಪಿಗೆ ಬಂದ ಹೊಸಬರಿಗೆ ಇಲ್ಲಿ ಮಾಲೀಕರು ಯಾರೆಂದೇ ಅನುಮಾನ ಬರುತ್ತಿತ್ತು.

ಕಿತ್ತ ಕಾಯಿಗೆ ಬೆರಳಗಲ ತೊಟ್ಟು ಉಳಿಸಬೇಕೆಂಬುದು ಅವನ ಹಟ. ಬುಡಕ್ಕೇ ಮುರಿದರೆ ಸೊನೆ ಹರಿದು ಸಿಪ್ಪೆ ಕಪ್ಪಾಗುತ್ತದೆ. ಚಿಕ್ಕವಳಿದ್ದಾಗ ನಾನು ಹಾಗೆ ಕಿತ್ತ ಕಾಯಿಯನ್ನು ಎಲ್ಲರೆದುರು ಎತ್ತಿ ಹಿಡಿದು, "ಅಮ್ಮಣ್ಣಿ ಕತ್ತು ಹಿಸುಕವ್ರೆ ನೋಡ್ರಲಾ" ಎಂದು ನನ್ನ ಮಾನ ಕಳೆದಿದ್ದ.

ಅಪ್ಪ ಹೋದಮೇಲೆ ತೋಪು ನನ್ನ ಪಾಲಿಗೆ ಬಂತು. ಹೊಸೂರಿನ ಶಾಲೆಯಲ್ಲಿ ಪಾಠ ಹೇಳುವ ನನಗೆ ರಜೆ ಹಾಕಿ ಕಟಾವು ನೋಡಿಕೊಳ್ಳುವುದೇ ತಲೆನೋವು. ಹಾರುವ ಯಂತ್ರಗಳಿಂದ ಕಾಯಿ ಕೀಳಿಸುವ ಕಂಪನಿಯವರು ಬಂದಾಗ ಹಿಂದುಮುಂದು ನೋಡದೆ ಒಪ್ಪಿದೆ. ಯಂತ್ರಕ್ಕೆ ಕಲಿಸಲು ಅವರಿಗೆ ಮುನಿಯಪ್ಪಣ್ಣ ಬೇಕಿತ್ತು. ಆ ಕಟಾವಿನುದ್ದಕ್ಕೂ ಅವನ ಕೈಗಳನ್ನು ವಿಡಿಯೋ ಮಾಡಿದರು. ಭುಜ, ತೊಟ್ಟು, ಗಾಳಿಗೆ ಕೊಂಬೆ ಹಿಡಿಯುವ ಬಗೆ, ಅವನು ಒಂದನ್ನೂ ಬಚ್ಚಿಡಲಿಲ್ಲ. ಇಷ್ಟೆಲ್ಲ ಯಾಕೆ ಹೇಳಿಕೊಟ್ಟೆ ಎಂದು ಒಮ್ಮೆ ನಾನೇ ಕೇಳಿದೆ.

"ಕೇಳುದ್ರು, ಹೇಳ್ದೆ ಅಮ್ಮಣ್ಣಿ. ಇಷ್ಟು ವರ್ಸ ಯಾರೂ ಕೇಳಿರ್ಲಿಲ್ವಲ್ಲ."

ಕಪಾಳಕ್ಕೆ ಹೊಡೆದಂತಾಯಿತು. ಆದರೂ ಕಂಪನಿಗೆ ಬೇಡ ಎನ್ನಲಿಲ್ಲ.

ಮರುವರ್ಷ ಮೂವತ್ತೋ ನಲವತ್ತೋ ಯಂತ್ರಗಳು ಜೇನುಹುಳಗಳ ಹಾಗೆ ಮರಕ್ಕೆ ಮುತ್ತಿಕೊಂಡವು. ಒಂದಕ್ಕೊಂದು ತಾಗದೆ, ಕಿತ್ತು ಕ್ರೇಟಿಗಿಳಿಸಿ ಮತ್ತೆ ಏರುತ್ತಿದ್ದವು. ಯಾರೂ ಕರೆಯದಿದ್ದರೂ ಮುನಿಯಪ್ಪಣ್ಣ ದೋಟಿ ಹಿಡಿದು ಬಂದು ಮರದಡಿ ನಿಂತ. ತಕ್ಷಣ ಎಲ್ಲವೂ ಕೀಳುವುದನ್ನು ಬಿಟ್ಟು ಗಾಳಿಯಲ್ಲೇ ನಿಂತವು. ಅವನ ಮುಖ ಅರಳಿತು. ತನ್ನ ಗುರುತು ಹಿಡಿದು ಅಪ್ಪಣೆಗೆ ಕಾಯುತ್ತಿವೆ ಎಂದುಕೊಂಡುಬಿಟ್ಟ.

"ಕೀಳ್ರಪ್ಪ, ಭುಜ ನೋಡ್ಕೊಂಡು ಕೀಳಿ" ಎಂದ.

ಅವು ಕದಲಲಿಲ್ಲ. ಕಂಪನಿಯ ಹೆಣ್ಣುಮಗಳು ಬಂದು ಮೆಲ್ಲಗೆ ಅವನ ತೋಳು ಹಿಡಿದಳು. "ತಾತಾ, ಕೆಳಗೆ ಮನುಷ್ಯರಿದ್ರೆ ಅವು ಕೆಲಸ ಮಾಡಲ್ಲ. ನೀವು ಆಚೆ ಬನ್ನಿ."

ಅವನು ಹತ್ತು ಹೆಜ್ಜೆ ಹಿಂದೆ ಸರಿದ. ಕೆಲಸ ಮತ್ತೆ ಶುರುವಾಯಿತು. ಕ್ರೇಟಿನಿಂದ ಒಂದು ಕಾಯಿ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಒಂದಾದರೂ ತಪ್ಪು ಸಿಗಲಪ್ಪಾ ಎಂದು ನಾನು ಒಳಗೊಳಗೇ ಬೇಡಿಕೊಂಡೆ. "ಸರ್ಯಾಗೈತೆ" ಎಂದು ಕಾಯಿ ಇಟ್ಟು, ದೋಟಿಯನ್ನು ಬೇಲಿಗೊರಗಿಸಿ ಹೊರಟುಹೋದ. ಮತ್ತೆ ತೋಪಿಗೆ ಬರಲಿಲ್ಲ. ಮಾವು ಹೂ ಬಿಡುವಷ್ಟರಲ್ಲಿ ತೀರಿಕೊಂಡ.

ಈ ಸಲವೂ ಮನೆಗೆ ಒಂದು ಬುಟ್ಟಿ ಕಾಯಿ ಬಂದಿದೆ. ಪ್ರತಿಯೊಂದಕ್ಕೂ ಬೆರಳಗಲ ತೊಟ್ಟಿದೆ. ಅದು ಅವನ ಬೆರಳಿನ ಅಳತೆ.