ಖಾಜಾಸಾಬರ ಬನಿಯನ್ನಿನಲ್ಲಿ ಸೌತೆ ಮೊಳಕೆ

ನಮ್ಮ ಪಕ್ಕದ ಮನೆಯ ಅಖ್ತರಬೇಗಂ ಪ್ರತಿ ವರ್ಷ ಶಿವರಾತ್ರಿ ಹತ್ತಿರ ಬಂದಂತೆ ನಿಡಗುಂದಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಬಿಳಿ ಸೌತೆ ಹಾಕುತ್ತಾರೆ. ನೀರು ಇಳಿದ ಮೇಲೆ ಹಸಿ ಆರುವುದರೊಳಗೆ ಬೀಜ ಊರಬೇಕು. ಬೀಜ ಅವರ ತಾಯಿಯದು, ಬೇರೆಲ್ಲೂ ಸಿಗುವುದಿಲ್ಲ. ಇಲಿ ತಿಂದು ಈ ಸಲ ಉಳಿದದ್ದು ಇಪ್ಪತ್ತೊಂದೇ.

ನೆನೆಸಿದ ಬೀಜವನ್ನು ಹಸಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೈಗೆ ಬಿಗಿದುಕೊಂಡು ಮೊಳಕೆ ಬರಿಸುವುದು ಅವರ ತವರಿನ ಪದ್ಧತಿ. ಆದರೆ ಅಖ್ತರಬೇಗಂ ತೆಳ್ಳಗಿನವರು, ಮೈ ಸದಾ ತಣ್ಣಗೆ. ಆದ್ದರಿಂದ ಗಂಟು ಅವರ ಯಜಮಾನರಾದ ಖಾಜಾಸಾಬರ ಹೊಟ್ಟೆಗೆ ಬಂತು. ಆ ಹೊಟ್ಟೆ ದೊಡ್ಡದು, ಬೆಚ್ಚಗಿನದು.

"ಬಗ್ಗಬ್ಯಾಡ್ರಿ, ಓಡಬ್ಯಾಡ್ರಿ. ನನ್ನ ಕೈ ತಂಪ ಐತಿ, ನಾ ಗಂಟ ಮುಟ್ಟಂಗಿಲ್ಲ. ನೀವ ನೋಡಿ ಹೇಳ್ರಿ."

"ಸೀನು ಬಂದ್ರ?"

"ಮೆಲ್ಲಕ ಸೀನ್ರಿ."

ಖಾಜಾಸಾಬರು ಅಂಗಳದ ಬಿಸಿಲಲ್ಲಿ ಹೊರಸಿನ ಮೇಲೆ ಮಲಗಿದರು. ಮಲಗಿದಲ್ಲಿಗೇ ಚಹಾ ಬಂತು. ಹೆಂಡತಿ ಜಾಲಿಮುಳ್ಳು ಕಡಿದು ಬೇಲಿ ಹಾಕಿದರು, ಗೊಬ್ಬರ ಹೊತ್ತರು, ಇಪ್ಪತ್ತೊಂದು ಕುಣಿ ತೋಡಿದರು.

ಮೂರನೆಯ ದಿನ ಕೇಳಿದರು, "ಮೊಳಕಿ ಬಂದಾವೇನ್ರಿ?"

ಬಂದಿದ್ದವು. ಆದರೆ ಬಂದವು ಎಂದರೆ ಹೊರಸು ಬಿಟ್ಟು ಏಳಬೇಕಾಗುತ್ತದೆ.

"ಇನ್ನೂ ಇಲ್ಲ ಬೇಗಂ. ಅವಸರ ಮಾಡಬ್ಯಾಡ."

ಐದನೆಯ ದಿನವೂ ಅದೇ ಉತ್ತರ. "ದಂಡಿ ಮಣ್ಣು ಬಾಯಿ ಬಿಡಾಕತ್ತೈತ್ರಿ!" ಎಂದು ಅಖ್ತರಬೇಗಂ ಕಣ್ಣೀರು ತಂದುಕೊಂಡರು. ಖಾಜಾಸಾಬರು ಹೊಟ್ಟೆ ಕೆರೆದುಕೊಂಡರು. ಆಗ ತನ್ನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಎದುರುಮನೆಯ ಗುರಲಿಂಗಪ್ಪ ಎದ್ದು ನಿಂತ.

"ಖಾಜಾಣ್ಣ, ನಿನ್ನ ಬನೀನಿಗೆ ಬಾಲ ಬಂದಾವಲ್ಲೋ!"

ಬಿಳಿ ಬೇರುಗಳು ಗಂಟಿನ ಬಟ್ಟೆ ದಾಟಿ, ಬನಿಯನ್ನಿನ ತೂತುಗಳಿಂದ ಇಣುಕುತ್ತಿದ್ದವು. ಎಳೆದರೆ ಮುರಿಯುತ್ತವೆ. ಅಖ್ತರಬೇಗಂ ಬಯ್ಯಲಿಲ್ಲ, ಕತ್ತರಿ ತಂದರು.

"ನಡೀರಿ ದಂಡಿಗೆ. ಮೆಲ್ಲಕ."

ಪ್ರತಿ ಕುಣಿಯ ಬಳಿಯೂ ಖಾಜಾಸಾಬರು ಉಸಿರು ಬಿಗಿಹಿಡಿದು ನಿಂತರು. ಅಖ್ತರಬೇಗಂ ಒಂದೊಂದು ಮೊಳಕೆಯನ್ನೂ ಬಟ್ಟೆಯ ತುಂಡಿನ ಸಮೇತ ಕತ್ತರಿಸಿ ಊರಿದರು. ಕೊನೆಗೆ ಖಾಜಾಸಾಬರ ಮೈಮೇಲೆ ಬನಿಯನ್ನಿನ ಹೆಗಲಷ್ಟೇ ಉಳಿಯಿತು. ಆ ಅವತಾರದಲ್ಲೇ ಸಂಜೆಯತನಕ ನೀರು ಹೊತ್ತರು.

ಹತ್ತೊಂಬತ್ತು ಬಳ್ಳಿ ಹಬ್ಬಿದವು. ಮೊದಲ ಕಾಯಿಯನ್ನು ಅಖ್ತರಬೇಗಂ ಯಾರಿಗೂ ಕೊಯ್ಯಲು ಬಿಡಲಿಲ್ಲ. ಅದು ಹಳದಿಯಾಗಿ ಹಣ್ಣಾದ ಮೇಲೆ ಸೀಳಿ, ಬೀಜ ತೊಳೆದು ಮೊರದಲ್ಲಿ ಒಣಹಾಕಿದರು. ಇನ್ನೂರಕ್ಕೂ ಹೆಚ್ಚಿದ್ದವು.

ಖಾಜಾಸಾಬರು ಮೊರ ನೋಡಿ ಹಿಂದೆ ಸರಿದರು. "ಇಷ್ಟೂ ನನ್ನ ಹೊಟ್ಟಿಗೇನ?"

"ಇಲ್ರೀ. ಒಬ್ಬರ ಮನ್ಯಾಗ ಇಟ್ರ ಮತ್ತ ಇಲಿ ತಿಂತಾವು. ಮನಿಗಿ ಹತ್ತು ಬೀಜ ಹಂಗ ಓಣಿಗೆಲ್ಲಾ ಹಂಚತೇನಿ."

ಕಟ್ಟೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಕೂತಿದ್ದ ಗುರಲಿಂಗಪ್ಪ ಅಂಗಿಯ ಗುಂಡಿ ಹಾಕಿಕೊಂಡ.